ಅಪ್ಪನ ಬಾಯಲ್ಲಿದ್ದ ಬಾಣಗಳು

ಅಪ್ಪನ ಕೈಯಲ್ಲಿ ನಾನು ಎಂದೂ ಬಾಣ ಕಂಡವಳಲ್ಲ. ಕಂಡದ್ದು ಕತ್ತರಿ, ಟೇಪು, ಬಟ್ಟೆಗೆ ಗೀಟು ಎಳೆಯುವ ಚಪ್ಪಟೆ ಸೀಮೆಸುಣ್ಣ. ಕಟಪಾಡಿ ಜಂಕ್ಷನ್ನಿನಲ್ಲಿ ಅವರದೊಂದು ಹೊಲಿಗೆ ಅಂಗಡಿ ಇತ್ತು. ಆದರೆ ಅವರು ಬಾಣ ಬಿಡುತ್ತಿದ್ದ ರೀತಿಯ ಬಗ್ಗೆ ಮಾತಾಡುವವರು ಕಾಪುವಿನಿಂದ ಕಾರ್ಕಳದವರೆಗೆ ಈಗಲೂ ಸಿಗುತ್ತಾರೆ. ಅಪ್ಪ ತಾಳಮದ್ದಳೆಯ ಅರ್ಥಧಾರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬಿಲ್ಲೂ ಇಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಎದುರುಬದುರು ಕುಳಿತ ಬಿಳಿ ಪಂಚೆಯ ಗಂಡಸರು ಆ ಪದವನ್ನು ಹಿಡಿದು ಮಾತು ಬೆಳೆಸುತ್ತಾರೆ. ಯುದ್ಧವೂ ಮಾತಿನಲ್ಲೇ, ಸಾವೂ ಮಾತಿನಲ್ಲೇ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಕೈಕಾಲು ಬೇಗನೆ ಸುಧಾರಿಸಿದವು. ಮಾತು ಹೋಯಿತು. ಅದು ಮರಳಿತೋ, ಮರಳಿದ್ದರೆ ಎಷ್ಟು ಮರಳಿತು ಎಂಬುದನ್ನು ಆದಷ್ಟು ನಡೆದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪನ ಕೂಟದಲ್ಲಿ ಒಂದು ಕಟ್ಟುಪಾಡು ಇತ್ತು. ಅಲ್ಲಿ ಅರ್ಥ ಹೇಳುವ ಒಬ್ಬರ ಮನೆಮಾತೂ ಕನ್ನಡವಲ್ಲ. ಹೆಚ್ಚಿನವರದು ತುಳು, ಒಬ್ಬಿಬ್ಬರದು ಕೊಂಕಣಿ. ಆದರೆ ಕೂಟಕ್ಕೆ ಕುಳಿತ ಮೇಲೆ ಕನ್ನಡ ಬಿಟ್ಟು ಬೇರೆ ಶಬ್ದ ಬಾಯಿಂದ ಬೀಳಕೂಡದು. ಬಿದ್ದರೆ, ಮುಗಿದ ಮೇಲೆ ಎಲ್ಲರಿಗೂ ಚಹಾ ಮತ್ತು ಗೋಳಿಬಜೆ ಅವರೇ ಕೊಡಿಸಬೇಕು. ಅಪ್ಪನ ಎದುರು ಸದಾ ಪ್ರತಿಪಕ್ಷದಲ್ಲಿ ಕೂರುತ್ತಿದ್ದವರು ನಿವೃತ್ತ ಹೆಡ್‌ಮಾಸ್ಟರರೊಬ್ಬರು. ಒಮ್ಮೆ ಅವರು ಚಕ್ರವರ್ತಿಯಾಗಿ ತನ್ನ ವಂಶದ ಹಿರಿಮೆಯನ್ನು ಹೇಳುತ್ತಿದ್ದಾಗ ಸೊಳ್ಳೆಯೊಂದು ಕಿವಿಗೆ ಕಚ್ಚಿತು. "ಥೂ, ಈ ಉಮಿಲ್" ಎಂದುಬಿಟ್ಟರು. ಉಮಿಲ್ ಎಂದರೆ ತುಳುವಿನಲ್ಲಿ ಸೊಳ್ಳೆ. ಆ ದಿನ ಗೋಳಿಬಜೆ ಹೆಡ್‌ಮಾಸ್ಟರರದು. ಅವರಿಗೆ ಇದು ಆಗಾಗ ಆಗುತ್ತಿತ್ತು.

ಅಪ್ಪನಿಗೆ ಒಮ್ಮೆಯೂ ಆಗಲಿಲ್ಲ. ಅಂಗಡಿಯ ಪಕ್ಕದಲ್ಲಿ ಕೊಡೆ, ಬ್ಯಾಗು ಮಾರುವ ಬ್ಯಾರಿ ಸ್ನೇಹಿತರೊಬ್ಬರಿದ್ದಾರೆ. ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು. ನಾವು ಮಕ್ಕಳೆಲ್ಲ ಅವರನ್ನು ಕಾಕ ಎಂದೇ ಕರೆದು ಬೆಳೆದದ್ದು. ಕೂಟ ನಡೆದಾಗಲೆಲ್ಲ ಹಿಂದಿನ ಸಾಲಿನಲ್ಲಿ ಅವರು ಇರುತ್ತಿದ್ದರು. ಅಪ್ಪನ ಬಗ್ಗೆ ಅವರ ವಿಮರ್ಶೆ ಒಂದೇ. "ಇವರದ್ದು ಶುದ್ಧ ಕನ್ನಡ ಅಂತ ಜನ ಹೇಳ್ತಾರೆ. ಕನ್ನಡ ಎಂತದ್ದೂ ಅಲ್ಲ ಮಾರಾಯ. ಶುದ್ಧ ಜಿಪುಣತನ."

ಚಿಕ್ಕವಳಿದ್ದಾಗ ಕೂಟದ ಹಾಲ್‌ನಲ್ಲಿ ಗೋಡೆಗೆ ಒರಗಿ ಕುಳಿತು ನಾನು ಕಾಯುತ್ತಿದ್ದದ್ದು ಕತೆಗಲ್ಲ. ಕತೆ ಗೊತ್ತಿರುತ್ತಿತ್ತು. ಕಾಯುತ್ತಿದ್ದದ್ದು ಅಪ್ಪ ಬಾಣ ಬಿಡುವ ಕ್ಷಣಕ್ಕೆ. ಅವರು ಒಂದು ಕೂಟದಲ್ಲಿ ಬಾಣಕ್ಕೆ ಒಂದೇ ಶಬ್ದವನ್ನು ಎರಡು ಸಲ ಬಳಸುತ್ತಿರಲಿಲ್ಲ. ಗುರುವಿನ ಪಾದಕ್ಕೆ ಬಿಡುವುದು ಶರ. ಹಗೆಯ ಎದೆಗೆ ಹೋಗುವುದು ಕಣೆ. ಶಪಥ ಮಾಡಿ ತೆಗೆಯುವುದು ಬಾಣ. ಸರಳು ಎಂದರೆ ಸೇನೆಯ ಮೇಲೆ ಮಳೆಯಂತೆ ಸುರಿಯುವುದು. ತನಗೆ ತಾಗಿ ತಾನು ಬೀಳುವಾಗ ಮಾತ್ರ ಅದು ಅಂಬು. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ. ನೋವಾದಾಗ ಸಂಸ್ಕೃತ ಬರುವುದಿಲ್ಲವಲ್ಲ ಎಂದಿದ್ದರು.

ಬಿಡುವ ಮೊದಲು ಒಂದು ಮೌನ ಇರುತ್ತಿತ್ತು. ಮಾತು ಏರುತ್ತ ಏರುತ್ತ ಹೋಗಿ ಹೆದೆಯನ್ನು ಕಿವಿಯವರೆಗೆ ಎಳೆದೆ ಎನ್ನುವಲ್ಲಿ ಅಪ್ಪ ನಿಲ್ಲಿಸಿಬಿಡುತ್ತಿದ್ದರು. ಚೆಂಡೆಯವರು ಕೋಲು ಎತ್ತಿ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದರು. ಹಾಲ್‌ನ ಫ್ಯಾನಿನ ಸದ್ದು ಕೇಳುತ್ತಿತ್ತು. ಆಮೇಲೆ ಒಂದೇ ಶಬ್ದ, ಅದರ ಹಿಂದೆಯೇ ಚೆಂಡೆ. ಆ ಮೌನ ಎಷ್ಟು ಉದ್ದವಿರಬೇಕು ಎಂಬುದು ಅಪ್ಪನಿಗೆ ಮತ್ತು ಚೆಂಡೆಯವರಿಗೆ ಮಾತ್ರ ಗೊತ್ತಿತ್ತು. ಅವರಿಬ್ಬರೂ ಅದರ ಬಗ್ಗೆ ಮಾತಾಡಿಕೊಂಡದ್ದನ್ನು ನಾನು ಕಂಡಿಲ್ಲ.

ನಾನು ಮಣಿಪಾಲದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ. ಬೇರೆಯವರು ಬರೆದದ್ದನ್ನು ತಿದ್ದುವುದು, ಶೀರ್ಷಿಕೆ ಕೊಡುವುದು, ಹೆಚ್ಚಾದದ್ದನ್ನು ಕತ್ತರಿಸುವುದು. ಜೊತೆಗೆ ಭಾನುವಾರದ ಪುಟಕ್ಕೆ ಒಂದು ಚಿಕ್ಕ ಅಂಕಣ, ಬಳಕೆಯ ಯಾವುದಾದರೂ ಪದ ಎಲ್ಲಿಂದ ಬಂತು ಎಂಬುದರ ಬಗ್ಗೆ. ನಿಘಂಟುಗಳು ಕೈಗೆ ಸಿಗುವ ಹಾಗೆ ಇದ್ದರೂ ಬರೆಯುವ ಮೊದಲು ಅಪ್ಪನ ಅಂಗಡಿಗೆ ಫೋನ್ ಮಾಡುವುದು ರೂಢಿಯಾಗಿತ್ತು. ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತಿತ್ತು, ಅಪ್ಪ ಮಾತಾಡುತ್ತಿದ್ದರು, ಮತ್ತೆ ಯಂತ್ರ ಶುರುವಾದರೆ ಮಾತು ಮುಗಿಯಿತು ಎಂದು ಅರ್ಥ.

ಸ್ಟ್ರೋಕಿಗೆ ಮೊದಲಿನ ವಾರ ಓದುಗರೊಬ್ಬರು ಬಾಣ ಎಂಬ ಪದದ ಹುಟ್ಟು ಕೇಳಿದ್ದರು. ಆ ಸಲ ಫೋನ್ ಮಾಡದೆ ನಾನೇ ಕಟಪಾಡಿಗೆ ಹೋದೆ. ನಿಘಂಟಿನಿಂದ ತೆಗೆದುಕೊಂಡಿದ್ದನ್ನು ಅಪ್ಪನಿಗೆ ಹೇಳಿದೆ. ಶರ ಎಂದರೆ ಮೊದಲು ಒಂದು ಜಾತಿಯ ಜೊಂಡುಹುಲ್ಲು. ಬಾಣ ಎಂಬ ಪದಕ್ಕೂ ಜೊಂಡಿನ ದಂಟು ಎಂಬ ಅರ್ಥ ಉಂಟು. ಕನ್ನಡದ ಕಣೆಗೆ ಕಡ್ಡಿ ಎಂಬ ಅರ್ಥವೂ ಇದೆ. ಹಳಗನ್ನಡದವರು ಬಾಣಕ್ಕೆ ಕೋಲು ಎಂದೇ ಹೇಳಿಬಿಡುತ್ತಿದ್ದರು. ಅಂಬು ಮಾತ್ರ ನಮ್ಮ ಸುತ್ತಲಿನ ಭಾಷೆಗಳಲ್ಲೆಲ್ಲ ಸುಮ್ಮನೆ ಅಂಬು. ಕಾಕ ಅಲ್ಲೇ ಇದ್ದರು, ಬ್ಯಾರಿ ಭಾಷೆಯಲ್ಲೂ ಅಂಬುವೇ ಎಂದರು.

ಅಪ್ಪ ಒಂದು ಶರ್ಟಿನ ತೋಳಿಗೆ ಗೀಟು ಎಳೆಯುತ್ತ ಕೇಳಿಸಿಕೊಂಡರು. "ಹಾಗಾದರೆ ಬಾಣ ಅಂದರೆ ಮೊದಲು ಹುಲ್ಲು. ಯಾರೋ ಅದನ್ನು ನೇರ ಮಾಡಿದರು, ಅಷ್ಟೆ" ಎಂದರು. ಇದನ್ನು ಅವರು ಕನ್ನಡದಲ್ಲೇ ಹೇಳಿದರು. ಪದಗಳ ವಿಷಯ ಬಂದಾಗ ನಾವಿಬ್ಬರೂ ಕನ್ನಡಕ್ಕೆ ದಾಟುತ್ತಿದ್ದೆವು. ಉಳಿದದ್ದೆಲ್ಲ ತುಳು.

ತುಳುವಿನಲ್ಲಿ ಬಾಣಕ್ಕೆ ಪಗರಿ ಎನ್ನುತ್ತಾರೆ. ಅದನ್ನೂ ಅಂಕಣಕ್ಕೆ ಸೇರಿಸಬೇಕು ಎಂದೆ. ತಮಿಳಿನಲ್ಲಿ ಅದಕ್ಕೆ ಹತ್ತಿರದ ಒಂದು ಹಳೆಯ ಪದ ಇದೆ, ಅದಕ್ಕಿಂತ ಹಿಂದೆ ಏನು ಎಂಬುದು ನನಗೆ ಸಿಕ್ಕಿರಲಿಲ್ಲ. ಅಪ್ಪನ ಸೀಮೆಸುಣ್ಣ ನಿಂತಿತು. ಅದು ಪೇಪರಿಗೆ ಯಾಕೆ, ಅದು ಮನೆಯ ಮಾತು ಎಂದರು. ಅಜ್ಜಿ ಗದ್ದೆಯಲ್ಲಿ ನೇಜಿ ನೆಡುತ್ತ ಹಾಡುತ್ತಿದ್ದ ಪಾಡ್ದನದಲ್ಲಿ ಅವರು ಆ ಪದವನ್ನು ಮೊದಲು ಕೇಳಿದ್ದಂತೆ. ಅದರ ಬಗ್ಗೆ ಏನೋ ಹೇಳಲು ಹೊರಟವರು ಗಿರಾಕಿ ಬಂದದ್ದರಿಂದ ನಿಲ್ಲಿಸಿದರು. ಭಾನುವಾರ ಮನೆಗೆ ಬಾ, ಹೇಳುತ್ತೇನೆ ಎಂದರು. ಆ ಭಾನುವಾರ ಅಪ್ಪ ಆಸ್ಪತ್ರೆಯಲ್ಲಿದ್ದರು.

ಮನೆಗೆ ಬಂದ ಮೇಲೆ ಅವರನ್ನು ಉಡುಪಿಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಒಂದು ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗತೊಡಗಿದೆವು. ಚಿಕಿತ್ಸೆ ಕೊಡುವವಳು ಗದಗದ ಕಡೆಯ ಹುಡುಗಿ. ಅವಳ ಅಣ್ಣ ಇಲ್ಲಿ ಕಟ್ಟಡ ಕೆಲಸಕ್ಕೆ ಬಂದು ಮೇಸ್ತ್ರಿಯಾಗಿದ್ದ, ಅವನ ಜೊತೆ ಸಂತೆಕಟ್ಟೆಯಲ್ಲಿ ಬಾಡಿಗೆ ಮನೆ. ಕರಾವಳಿಗೆ ಹೊಸಬಳು. ಮೊದಲ ದಿನ ಅವಳು ಎಲ್ಲವನ್ನೂ ಸರಿಯಾಗಿಯೇ ಕೇಳಿದಳು. ಅಪ್ಪನಿಗೆ ಯಾವ ಭಾಷೆ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ ಎಂದು ಕೇಳಿದಾಗ ಅಮ್ಮ ನನಗಿಂತ ಮೊದಲು ಉತ್ತರ ಕೊಟ್ಟರು. ಅಮ್ಮ ಅಜೆಕಾರಿನವರು. ತುಳು ಬಿಟ್ಟರೆ ಅವರಿಗೆ ಬರುವುದು ಬಸ್ಸಿನ ಕನ್ನಡ, ರೇಷನ್ ಅಂಗಡಿಯ ಕನ್ನಡ. ಅಪ್ಪನ ಕನ್ನಡದ ಬಗ್ಗೆ ಅವರಿಗಿದ್ದ ಹೆಮ್ಮೆ ಸಣ್ಣದಲ್ಲ. "ಕನ್ನಡವೇ. ಇವರ ಕನ್ನಡ ಕೇಳಲಿಕ್ಕೆ ಕಾರ್ಕಳದಿಂದ ಜನ ಬರ್ತಾರೆ" ಎಂದರು.

ಅದು ನಿಜವೇ. ಆ ಕೋಣೆಯಲ್ಲಿದ್ದ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನಮ್ಮ ಊರಿನಲ್ಲಿ ವೈದ್ಯರು, ಬ್ಯಾಂಕು, ಪೊಲೀಸು, ಶಾಲೆ ಯಾರೇ ಕೇಳಿದರೂ ಬಾಯಿಗೆ ಬರುವ ಉತ್ತರ ಕನ್ನಡ. ಹೊರಗಿನವರಿಗೆ ಕೊಡುವ ಭಾಷೆ ಅದು, ಬಂದವರಿಗೆ ಕುರ್ಚಿ ಕೊಟ್ಟ ಹಾಗೆ. ಅವಳು ಒಪ್ಪಿದಳು. ಮನೆಯಲ್ಲೂ ಎಲ್ಲರೂ ಒಂದೇ ಭಾಷೆ ಮಾತಾಡಿ, ಎರಡು ಮೂರು ಬೆರೆಸಬೇಡಿ, ಅವರಿಗೆ ಗೊಂದಲ ಆಗುತ್ತದೆ ಎಂದಳು.

ನಾವು ಅಕ್ಷರಶಃ ಪಾಲಿಸಿದೆವು. ಹೀಗೆ ಕಾಪುವಿನ ನಮ್ಮ ಮನೆ, ಕಟ್ಟಿದಂದಿನಿಂದ ತುಳು ಬಿಟ್ಟು ಬೇರೆ ಮಾತು ಕೇಳದ ಮನೆ, ಕನ್ನಡ ಮಾತಾಡತೊಡಗಿತು.

ಅಮ್ಮನಿಗೆ ಇದು ಬಹಳ ಕಷ್ಟವಾಯಿತು. ಟಿವಿ ಧಾರಾವಾಹಿಯಲ್ಲಿ ಹೆಂಡತಿಯರು ಮಾತಾಡುವುದನ್ನು ನೋಡಿ ಹಾಗೆ ಮಾತಾಡಲು ನೋಡಿದರು. ತಟ್ಟೆ ಹಿಡಿದುಕೊಂಡು ಅಪ್ಪನ ಎದುರು ನಿಂತು, "ನೀವು ಊಟವನ್ನು ಮಾಡುತ್ತೀರಾ?" ಎನ್ನುತ್ತಿದ್ದರು. ಮದುವೆಯಾದಂದಿನಿಂದ ಅವರು ಅಪ್ಪನನ್ನು ಕರೆದದ್ದು ತುಳುವಿನ ಈರ್ ಎಂಬ ಗೌರವದ ಮಾತಿನಲ್ಲಿ. ಅದರಲ್ಲಿ ಗೌರವ, ಸಿಟ್ಟು, ಸಲಿಗೆ ಎಲ್ಲ ಒಟ್ಟಿಗೆ ಇರುತ್ತಿತ್ತು. ಕನ್ನಡದ ನೀವು ಅವರ ಬಾಯಲ್ಲಿ ಬೇರೆ ಯಾರನ್ನೋ ಕರೆದ ಹಾಗೆ ಕೇಳುತ್ತಿತ್ತು. ಅಪ್ಪ ಅವರನ್ನು ನೋಡುತ್ತಿದ್ದರು, ಆಮೇಲೆ ತಟ್ಟೆಯನ್ನು ನೋಡುತ್ತಿದ್ದರು.

ಕಾಕ ಒಂದು ದಿನ ಬಂದರು. ಅಮ್ಮ ಬಾಗಿಲಲ್ಲೇ ತಡೆದು ಕನ್ನಡದಲ್ಲಿ ಮಾತಾಡಬೇಕಂತೆ ಎಂದು ಹೇಳಿದರು. ಕಾಕ ಚಪ್ಪಲಿ ಬಿಡುತ್ತಿದ್ದವರು ಹಾಗೆಯೇ ನಿಂತರು. "ನನ್ನ ಕನ್ನಡ ಕೇಳಿದರೆ ಇವರಿಗೆ ಇನ್ನೊಂದು ಸಲ ಸ್ಟ್ರೋಕ್ ಆಗ್ತದೆ" ಎಂದರು. ಒಳಗೆ ಬಂದು ಅಪ್ಪನ ಪಕ್ಕದಲ್ಲಿ ಕುಳಿತು, ಏನೂ ಮಾತಾಡದೆ ಅವರ ಕೈ ಹಿಡಿದುಕೊಂಡು, ಚಹಾ ಕುಡಿದು ಹೋದರು. ಆಮೇಲೆ ಕೆಲವು ವಾರ ಬರಲಿಲ್ಲ.

ವಾರದ ರಜೆಯ ದಿನ ನಾನು ಮಣಿಪಾಲದಿಂದ ಬರುತ್ತಿದ್ದೆ. ಹಿಂದೆಲ್ಲ ಗೇಟಿನ ಸದ್ದಾದರೆ ಒಳಗಿನಿಂದ "ಬತ್ತನಾ ಮಗಾ" ಎಂದು ಕೇಳುತ್ತಿತ್ತು. ಬಂದೆಯಾ ಮಗಳೇ ಎಂದು. ಅದು ಪ್ರಶ್ನೆಯಲ್ಲ, ಉತ್ತರ ಬೇಕಾಗಿಯೂ ಇರಲಿಲ್ಲ. ಈಗ ಗೇಟು ಹಾಕುವಾಗ ನಾನು ಬೇಕೆಂದೇ ಸ್ವಲ್ಪ ಜೋರಾಗಿ ಹಾಕುತ್ತಿದ್ದೆ. ಅಪ್ಪ ಜಗಲಿಯ ಕುರ್ಚಿಯಲ್ಲೇ ಇರುತ್ತಿದ್ದರು. ನನ್ನನ್ನು ನೋಡಿ ಮುಖ ಅರಳುತ್ತಿತ್ತು, ತುಟಿ ಅಲುಗುತ್ತಿತ್ತು. ನಾನು, "ಹೇಗಿದ್ದೀರಿ ಅಪ್ಪ?" ಎಂದು ಕನ್ನಡದಲ್ಲಿ ಕೇಳಿದ ಕೂಡಲೇ ಅರಳಿದ್ದು ನಿಲ್ಲುತ್ತಿತ್ತು. ಅದನ್ನು ನಾನು ಗಮನಿಸಿದ್ದೆ. ಕಾಯಿಲೆಯ ಆಯಾಸ ಎಂದುಕೊಂಡೆ. ನಮ್ಮಲ್ಲಿ ಯಾರೂ ಬೇರೆ ರೀತಿ ಯೋಚಿಸಲಿಲ್ಲ. ಮನೆಯಲ್ಲಿದ್ದ ಅತ್ಯುತ್ತಮ ವಸ್ತುವನ್ನೇ ಅವರಿಗೆ ಕೊಡುತ್ತಿದ್ದೇವೆ ಎಂಬ ಭಾವನೆ ಎಲ್ಲರಲ್ಲೂ ಇತ್ತು.

ಕ್ಲಿನಿಕ್ಕಿನಲ್ಲಿ ಚಿತ್ರದ ಕಾರ್ಡುಗಳಿದ್ದವು. ಬಸ್ಸು, ಬೆಕ್ಕು, ಬಾಳೆಹಣ್ಣು, ಬಿಲ್ಲಿಗೆ ಹೂಡಿದ ಬಾಣ. ಒಂದೊಂದನ್ನೇ ತೋರಿಸಿ ಹೆಸರು ಕೇಳುವುದು. ಜೊತೆಗೆ ಬಂದವರು ಹೊರಗೆ ಕೂರಬೇಕು. ಅಪ್ಪ ಬಾಯಿ ತೆರೆಯುತ್ತಾರೆ, ಮೊದಲ ಅಕ್ಷರದ ಹತ್ತಿರ ಬಂದು ನಿಲ್ಲುತ್ತಾರೆ, ಬೆವರುತ್ತಾರೆ ಎಂದು ಅವಳು ಹೇಳುತ್ತಿದ್ದಳು. ವಾರಗಳು ಕಳೆದವು. ಕ್ಲಿನಿಕ್ಕಿಗೆ ಹೊರಡುವ ದಿನ ಅಪ್ಪ ಅಂಗಿ ಹಾಕಿಕೊಳ್ಳಲು ಒಪ್ಪುತ್ತಿರಲಿಲ್ಲ. ಇನ್ನು ಕರೆದುಕೊಂಡು ಹೋಗುವುದು ಬೇಡವೇನೋ, ಅವರನ್ನು ಹೀಗೇ ಬಿಟ್ಟುಬಿಡುವುದೇ ಒಳ್ಳೆಯದೇನೋ ಎಂದು ಅಮ್ಮ ಅಡಿಗೆಮನೆಯಲ್ಲಿ ನನ್ನ ಹತ್ತಿರ ಹೇಳಿದರು. ಅದನ್ನೂ ಕನ್ನಡದಲ್ಲೇ ಹೇಳಿದರು. ಅಭ್ಯಾಸವಾಗಿಬಿಟ್ಟಿತ್ತು.

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಅವಳು ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಒಂದು ವಿಷಯ ಕೇಳಬೇಕಿತ್ತು ಎಂದಳು. ಕೆಲವು ರೋಗಿಗಳು ತಾವೇ ಅರ್ಥವಿಲ್ಲದ ಶಬ್ದ ಮಾಡಿಕೊಳ್ಳುತ್ತಾರೆ, ಇದು ಹಾಗೆಯೇ ಇರಬಹುದು, ಆದರೂ ಅಪ್ಪ ಒಂದು ಕಾರ್ಡಿಗೆ ಮಾತ್ರ ಪ್ರತಿ ಸಲವೂ ಅದೇ ಶಬ್ದ ಹೇಳುತ್ತಾರೆ, ತಡವರಿಸದೆ ಹೇಳುತ್ತಾರೆ. ಬರೆದುಕೊಳ್ಳಲಿಲ್ಲ, ಯಾಕೆಂದರೆ ಅದು ಉತ್ತರವಲ್ಲ. ಆದರೆ ಹಿಂದಿನ ದಿನ ಮನೆಯಲ್ಲಿ ಅಡಿಗೆ ಮಾಡುವಾಗ ಅದು ನೆನಪಾಯಿತಂತೆ. ಅವಳು ಕೆಲಸದ ಕನ್ನಡ ಬಿಟ್ಟು ತನ್ನ ಊರಿನ ಕನ್ನಡಕ್ಕೆ ಇಳಿದಳು. "ಪಗರಿ ಅಂದ್ರ ನಿಮ್ಮ ಕಡೆ ಏನರ ಅರ್ಥ ಐತೇನ್ರೀ?"

ಯಾವ ಕಾರ್ಡು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಹೇಳಿದೆ. ತುಳು ಎಂದರೇನು, ಮನೆಯಲ್ಲಿ ಏನು ಮಾತಾಡುತ್ತಿದ್ದೆವು, ಅಪ್ಪನ ಕನ್ನಡ ಎಲ್ಲಿಯದು ಎಂಬುದನ್ನೆಲ್ಲ ಹೇಳಿದೆ. "ಯಾವ ಭಾಷಾ ಚಲೋ ಬರ್ತದ ಅಂತ ಕೇಳಿದೆ ನೋಡ್ರೀ. ಕಾಲು ಎಡವಿದ್ರ ಯಾವ ಭಾಷಾದಾಗ ಬೈತಾರ ಅಂತ ಕೇಳಬೇಕಿತ್ತು" ಎಂದಳು. ಆಮೇಲೆ ನನ್ನನ್ನು ಒಳಗೆ ಕರೆದಳು. ನೀವೇ ಕೇಳಿ ಎಂದಳು.

ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ನಾನು ಬೆಕ್ಕಿನ ಕಾರ್ಡು ಎತ್ತಿ ಹಿಡಿದು "ಉಂದು ದಾದ?" ಎಂದೆ. ಇದು ಏನು ಎಂದಷ್ಟೇ ಅರ್ಥ. ಅವರು ತಿರುಗಿದರು. ಕಾರ್ಡನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬಹಳ ದಿನಗಳಿಂದ ಎಲ್ಲೋ ಹೋಗಿದ್ದವಳು ಬಂದ ಹಾಗೆ ನೋಡಿದರು. ಆಮೇಲೆ ನಿಧಾನವಾಗಿ "ಪುಚ್ಚೆ" ಎಂದರು. ಬೆಕ್ಕು.

ಯಾಕೆ ಮೊದಲು ಪಗರಿಯೊಂದೇ ಹೊರಗೆ ಬಂತು, ಬೇರೆ ತುಳು ಪದಗಳು ಯಾಕೆ ಬರಲಿಲ್ಲ ಎಂದು ಆಮೇಲೆ ಅವಳನ್ನು ಕೇಳಿದೆ. ಗೊತ್ತಿಲ್ಲ ಎಂದಳು. ನನಗೆ ಅನಿಸುವುದು ಇಷ್ಟು. ಕನ್ನಡದಲ್ಲಿ ಕೇಳಿದಾಗ ಅಪ್ಪ ಕನ್ನಡದಲ್ಲೇ ಹುಡುಕಿದರು, ಕಟ್ಟುಪಾಡಿನ ಮನುಷ್ಯ ಅವರು. ಬಾಣದ ಚಿತ್ರ ಕಂಡಾಗ ಅವರು ಸಾಕಿಟ್ಟುಕೊಂಡಿದ್ದ ಶಬ್ದಗಳೆಲ್ಲ ಒಟ್ಟಿಗೆ ಬಾಗಿಲಿಗೆ ಬಂದು ಒಂದಕ್ಕೊಂದು ಅಡ್ಡವಾಗಿ ನಿಂತಿರಬೇಕು. ಅಜ್ಜಿಯ ಶಬ್ದಕ್ಕೆ ಹಿತ್ತಲ ಕಡೆಯಿಂದ ದಾರಿ ಇತ್ತು. ಇದು ಊಹೆ. ಊಹೆ ಎಂದೇ ಬರೆಯುತ್ತಿದ್ದೇನೆ.

ಆ ದಿನ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ತನ್ನ ಉತ್ತರವನ್ನು ನೆನಪಿಸಿಕೊಂಡು ಅಳುತ್ತಾರೆ ಎಂದುಕೊಂಡಿದ್ದೆ. ಅವರು ಅಳಲಿಲ್ಲ. ನೇರವಾಗಿ ಜಗಲಿಗೆ ಹೋಗಿ ಸೊಂಟಕ್ಕೆ ಕೈಕೊಟ್ಟು ನಿಂತು, "ಈರೆಗ್ ಚಾ ಬೋಡಾ?" ಎಂದರು. ನಿಮಗೆ ಚಹಾ ಬೇಕಾ ಎಂದು. ಧ್ವನಿಯಲ್ಲಿ ಹಳೆಯ ಗದರಿಕೆ ಇತ್ತು. ಅಪ್ಪ ತಲೆ ಎತ್ತಿ "ಬೋಡು" ಎಂದರು. ಬೇಕು. ಅಮ್ಮ ಅಡಿಗೆಮನೆಗೆ ಹೋದವರು ಚಹಾ ತರಲು ತುಂಬ ಹೊತ್ತು ಮಾಡಿದರು.

ಅಲ್ಲಿಂದ ಮಾತು ಒಂದೊಂದಾಗಿ ಬಂತು. ನೀರು, ಬಾಗಿಲು, ಮೀನು, ಸಾಕು. ಮುಂದೆ ಎರಡು ಶಬ್ದ ಒಟ್ಟಿಗೆ. ಕಾಕ ಮತ್ತೆ ಬರತೊಡಗಿದರು, ಜಂಕ್ಷನ್ನಿನ ಸುದ್ದಿಯನ್ನೆಲ್ಲ ತುಳುವಿನಲ್ಲಿ ಸುರಿದು ಹೋಗುತ್ತಿದ್ದರು. ಒಂದು ದಿನ ನಾನು ಗೇಟು ಹಾಕುವ ಮೊದಲೇ ಜಗಲಿಯಿಂದ "ಬತ್ತನಾ" ಎಂದು ಕೇಳಿತು. ಅರ್ಧವೇ ಬಂತು. ನಾನು ಚಪ್ಪಲಿ ಬಿಡುವ ನೆವದಲ್ಲಿ ಸ್ವಲ್ಪ ಹೊತ್ತು ಕೆಳಗೆ ನೋಡುತ್ತ ನಿಂತೆ.

ಕನ್ನಡ ಬರಲಿಲ್ಲ. ಅರ್ಥವಾಗುತ್ತದೆ, ಪತ್ರಿಕೆಯ ಶೀರ್ಷಿಕೆಯನ್ನು ಬೆರಳಿಟ್ಟು ನೋಡುತ್ತಾರೆ, ಆದರೆ ಬಾಯಿಗೆ ಬರುವುದಿಲ್ಲ. ಕ್ಲಿನಿಕ್ಕಿನ ಹುಡುಗಿ ಸುಳ್ಳು ಭರವಸೆ ಕೊಡಲಿಲ್ಲ. ಮೊದಲು ಕಲಿತದ್ದು ಮೊದಲು ಬರಬಹುದು, ಆಮೇಲಿನದು ಬರಬಹುದು ಅಥವಾ ಬಾರದೆಯೂ ಇರಬಹುದು ಎಂದಳು. ಮನೆಯ ಅಪ್ಪ ನಮಗೆ ಸಿಕ್ಕಿದರು. ಗೋಡೆಗೆ ಒರಗಿ ಕುಳಿತು ನಾನು ಕೇಳಿದ ಅಪ್ಪ ಇನ್ನೂ ಸಿಕ್ಕಿಲ್ಲ. ಅವರ ಕೂಟಗಳ ಧ್ವನಿಮುದ್ರಣಗಳು ಯಾರ್ಯಾರ ಫೋನಿನಲ್ಲೋ ಇವೆ, ನನ್ನ ಫೋನಿನಲ್ಲೂ ಒಂದೆರಡು ಇವೆ. ತೆರೆದಿಲ್ಲ. ಡೆಸ್ಕಿನಲ್ಲಿ ಕುಳಿತು ಒಂದು ಪದಕ್ಕೆ ತಡವರಿಸಿದಾಗ ಈಗಲೂ ಕೈ ಫೋನಿಗೆ ಹೋಗುತ್ತದೆ. ಆ ಕಡೆ ಹೊಲಿಗೆ ಯಂತ್ರ ನಿಲ್ಲುವ ಸದ್ದು ಕೇಳಬೇಕು ಅನಿಸುತ್ತದೆ. ಬಾಣದ ಅಂಕಣವನ್ನು ಬರೆಯದೆ ಬೇರೆ ಪದಗಳನ್ನು ಹಾಕುತ್ತ ಬಂದೆ. ಪಗರಿಯ ಬಗ್ಗೆ ಅಪ್ಪ ಹೇಳಬೇಕೆಂದಿದ್ದದ್ದು ಉದ್ದದ ಮಾತು. ಎರಡು ಶಬ್ದಗಳಲ್ಲಿ ಹೇಳುವಂಥದ್ದಾಗಿದ್ದರೆ ಆ ದಿನವೇ ಹೇಳುತ್ತಿದ್ದರು.

ಈ ವರ್ಷ ಕೂಟದವರು ಒಂದು ಭಾನುವಾರ ಮಧ್ಯಾಹ್ನ ಕಟಪಾಡಿಯ ಭಜನಾ ಮಂದಿರದಲ್ಲಿ ಕೂರುವುದೆಂದು ಗೊತ್ತಾಯಿತು. ಹೆಡ್‌ಮಾಸ್ಟರರು ಮನೆಗೆ ಬಂದು ಅಪ್ಪನನ್ನು ಕರೆದರು. ಅವರ ಜಾಗದಲ್ಲಿ ಸುಮ್ಮನೆ ಕುಳಿತರೆ ಸಾಕು, ಎರಡೂ ಕಡೆಯ ಅರ್ಥವನ್ನು ತಾನೇ ಹೇಳುತ್ತೇನೆ ಎಂದರು. ಅಮ್ಮನಿಗೆ ಇಷ್ಟವಿರಲಿಲ್ಲ. ಅಷ್ಟು ಜನರ ಎದುರು ಅವರಿಗೆ ಅವಮಾನ ಆಗಬಾರದು ಎಂದರು. ಅಪ್ಪ ಎದ್ದು ಹೋಗಿ ಕಪಾಟಿನಿಂದ ಬಿಳಿ ಪಂಚೆ ತೆಗೆದು ಅಮ್ಮನ ಮಡಿಲಲ್ಲಿಟ್ಟರು. ಇಸ್ತ್ರಿ ಆಗಬೇಕಿತ್ತು.

ಮಂದಿರದಲ್ಲಿ ಹೆಚ್ಚು ಜನ ಇರಲಿಲ್ಲ. ಕಾಕ ಹಿಂದಿನ ಸಾಲಿನಲ್ಲಿದ್ದರು. ಯುದ್ಧದ ಪ್ರಸಂಗ. ಅಪ್ಪ ಬಿಲ್ಲುಗಾರನ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಹೆಡ್‌ಮಾಸ್ಟರರು ಹೇಳಿದ ಹಾಗೆಯೇ ನಡೆಸಿಕೊಂಡು ಹೋದರು, ತನ್ನ ಮಾತು ಮುಗಿಸಿ ನೀನು ಹೀಗೆ ಹೇಳುತ್ತೀಯಲ್ಲ ಎಂದು ಅಪ್ಪನ ಮಾತನ್ನೂ ತಾನೇ ಹೇಳುತ್ತ ಬಂದರು. ಚೆನ್ನಾಗಿಯೇ ಸಾಗುತ್ತಿತ್ತು. ಆದರೆ ಭಾಗವತರ ಪದ ಏರಿತು, ಚೆಂಡೆ ಏರಿತು, ಹೆಡ್‌ಮಾಸ್ಟರರಿಗೆ ಆವೇಶ ಬಂತು. ಎಷ್ಟೋ ವರ್ಷದ ಅಭ್ಯಾಸ. ತೋಳು ಚಾಚಿ ನೇರವಾಗಿ ಅಪ್ಪನ ಕಡೆಗೆ, "ಎಲವೋ, ನಿನ್ನ ಬತ್ತಳಿಕೆಯಲ್ಲಿ ಇನ್ನು ಯಾವ ಬಾಣವಿದೆ? ತೆಗೆ ನೋಡೋಣ" ಎಂದುಬಿಟ್ಟರು.

ಎಂದ ಕೂಡಲೇ ಅವರಿಗೆ ತಿಳಿಯಿತು. ಚಾಚಿದ ಕೈ ಹಾಗೆಯೇ ಉಳಿಯಿತು. ಅಮ್ಮ ನನ್ನ ಮಣಿಕಟ್ಟು ಹಿಡಿದರು.

ಅಪ್ಪ ಉತ್ತರ ಕೊಡಲಿಲ್ಲ. ಫ್ಯಾನು ತಿರುಗುತ್ತಿತ್ತು. ಹೆದ್ದಾರಿಯಲ್ಲಿ ಒಂದು ಬಸ್ಸು ಹೋಯಿತು. ನಾನು ಚೆಂಡೆಯವರನ್ನು ನೋಡಿದೆ. ಅವರು ಕೋಲು ಎತ್ತಿ ಹಿಡಿದು ಅಪ್ಪನ ಮುಖವನ್ನೇ ನೋಡುತ್ತಿದ್ದರು, ಗಾಬರಿಯಿಂದಲ್ಲ, ಹಿಂದೆಲ್ಲ ನೋಡುತ್ತಿದ್ದ ಹಾಗೆ. ಆಗ ನನಗೆ ಗೊತ್ತಾಯಿತು, ಇದು ಮಾತು ಸಿಗದ ಮೌನ ಅಲ್ಲ.

"ಪಗರಿ," ಎಂದರು ಅಪ್ಪ. ಮತ್ತೆ ನಿಂತರು. "ಮುಗಿಂಡ್."

ಬಾಣ ಮುಗಿಯಿತು. ಚೆಂಡೆಯ ಮೇಲೆ ಕೋಲು ಬಿತ್ತು.

ಹೆಡ್‌ಮಾಸ್ಟರರ ಮುಖದಿಂದ ಚಕ್ರವರ್ತಿ ಇಳಿದುಹೋದ. ಕಣ್ಣು ಒರೆಸಿಕೊಳ್ಳುತ್ತ "ಇನಿತ ಚಾ ಈರೆನ" ಎಂದರು. ಇವತ್ತಿನ ಚಹಾ ನಿಮ್ಮದು ಎಂದು. ಹಿಂದಿನ ಸಾಲಿನಿಂದ ಕಾಕನ ಧ್ವನಿ ಬಂತು. "ಮಾಸ್ಟ್ರೇ, ನೀವು ಹೇಳಿದ್ದು ಯಾವ ಕನ್ನಡ? ಗೋಳಿಬಜೆ ನಿಮ್ಮದು." ಮಂದಿರ ನಗೆಯಲ್ಲಿ ತುಂಬಿತು. ಅಪ್ಪನೂ ನಕ್ಕರು, ಒಂದು ಕಡೆಗೆ ಸ್ವಲ್ಪ ವಾರೆಯಾಗಿ. ಅಮ್ಮ ನನ್ನ ಕೈ ಬಿಟ್ಟು ಸೆರಗು ಸರಿಮಾಡಿಕೊಂಡರು.

ಕೂಟ ಮುಗಿದ ಮೇಲೆ ಎಲ್ಲರೂ ಎದುರಿನ ಹೋಟೆಲಿಗೆ ಹೋದೆವು. ಅಪ್ಪ ಅಂಗಿಯ ಜೇಬಿಗೆ ಕೈ ಹಾಕಿ ಚಹಾದ ದುಡ್ಡು ತಾವೇ ಕೊಟ್ಟರು, ಕಾಕ ಎಲ್ಲರಿಗೂ ಕೇಳುವ ಹಾಗೆ ಅದನ್ನು ಎರಡು ಸಲ ಹೇಳಿದರು. ಮುಂದಿನ ವಾರ ಬಾಣದ ಅಂಕಣವನ್ನು ಬರೆದೆ. ಶರ, ಬಾಣ, ಕಣೆ, ಅಂಬು. ಪಗರಿಯನ್ನು ಹಾಕಲಿಲ್ಲ. ಅಪ್ಪ ಬೇಡ ಎಂದಿದ್ದರು, ಆ ಮಾತನ್ನು ಅವರು ಹಿಂತೆಗೆದುಕೊಂಡಿಲ್ಲ.

ಹೋಟೆಲಿನಲ್ಲಿ ನಾನು ಅಪ್ಪನ ಎದುರು ಕುಳಿತಿದ್ದೆ. ಅವರು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು. ಹುಬ್ಬು ಗಂಟಿಕ್ಕಿ ಗ್ಲಾಸನ್ನು ನೋಡಿದರು. ಯಾರೂ ಏನನ್ನೂ ಕೇಳಿರಲಿಲ್ಲ, ಯಾರೂ ಕಾರ್ಡು ಹಿಡಿದಿರಲಿಲ್ಲ. "ಚಪ್ಪೆ" ಎಂದರು. ಸಕ್ಕರೆ ಸಾಲದು ಎಂದು.

ಚಪ್ಪೆ ಎನ್ನುವುದನ್ನು ನಮ್ಮಲ್ಲಿ ತುಳುವಿನಲ್ಲೂ ಹೇಳುತ್ತಾರೆ, ಕನ್ನಡದಲ್ಲೂ ಹೇಳುತ್ತಾರೆ. ಅಪ್ಪ ಯಾವುದರಲ್ಲಿ ಹೇಳಿದರೋ ಗೊತ್ತಿಲ್ಲ. ನಾನು ಅದನ್ನು ಕನ್ನಡ ಎಂದು ಹಿಡಿದುಕೊಂಡು, ಸಕ್ಕರೆ ಕೇಳಲು ಎದ್ದೆ.